ಕೊಳೆರೋಗ ಇಂಗ್ಲಿಷಿಗೆ ಹೋದ ಕತೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ‘ರೈಟರ್’ ಅಂದರೆ ಕತೆ ಕಾದಂಬರಿ ಬರೆಯುವವರು ಅಂತ ಯಾರೂ ತಿಳಿಯೋದಿಲ್ಲ. ಅಲ್ಲಿ ರೈಟರ್ ಎಂದರೆ ಎಸ್ಟೇಟಿನ ರೈಟರ್. ಬೆಳಿಗ್ಗೆ ಆಳುಗಳ ಹಾಜರಿಯನ್ನು ಚೆಕ್‌ರೋಲಿಗೆ ಏರಿಸುವುದು, ಯಾವ ಬ್ಲಾಕಿನಲ್ಲಿ ಎಷ್ಟು ಗಿಡಕ್ಕೆ ಗೊಬ್ಬರ ಹಾಕಿದರು, ಯಾರು ಎಷ್ಟು ಹಣ್ಣು ಕುಯ್ದರು ಎಂದು ಬರೆದಿಡುವುದು, ಮಳೆಮಾಪಕ ನೋಡಿ ನಿನ್ನೆಯ ಮಳೆಯನ್ನು ಪುಸ್ತಕದಲ್ಲಿ ದಾಖಲಿಸುವುದು ಅವರ ಕೆಲಸ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ತೋಟ ಮಾಡಿಕೊಂಡು ಬರೆಯುತ್ತಿದ್ದ ವರ್ಷಗಳಲ್ಲೂ ಆ ತಾಲ್ಲೂಕಿನ ‘ರೈಟರ್’ಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಚೆಕ್‌ರೋಲ್ ಬರೆಯುವವರೇ.

ಮಳೆಯ ಲೆಕ್ಕ ಅಲ್ಲಿ ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ. ಒಂದು ಸೆಂಟ್ ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ರಾತ್ರಿ ತೋಟದವರು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದು ‘ಮಳೆ ಬಂತಾ’ ಅಂತ ಅಲ್ಲ, ‘ನಿಮಗೆ ಎಷ್ಟು ಸೆಂಟ್ಸು?’ ಅಂತ. ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ಕಾಫಿ ಬೆಟ್ಟಗಳು ಹೋಗಲಿಲ್ಲ.

ಬೆಂಗಳೂರಿನಲ್ಲಿ ನನ್ನ ಉದ್ಯೋಗ ಬೇರೆಯವರು ಇಂಗ್ಲಿಷಿನಲ್ಲಿ ಬರೆದ ರಿಪೋರ್ಟುಗಳನ್ನು ತಿದ್ದುವುದು. ಸರ್ವರ್ ಬಿದ್ದದ್ದು ಯಾಕೆ, ಆಡಿಟ್‌ನಲ್ಲಿ ಏನು ಸಿಕ್ಕಿತು, ಇಂಥವು. ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಿ ಬಂದ ಹುಡುಗ ಹುಡುಗಿಯರು ಇಮೇಲ್ ಚೆನ್ನಾಗಿ ಬರೀತಾರೆ, ಪ್ರೆಸೆಂಟೇಶನ್ ಇನ್ನೂ ಚೆನ್ನಾಗಿ ಮಾಡ್ತಾರೆ. ಆದರೆ ‘ಏನಾಯಿತು ಅಂತ ಎರಡು ಪುಟ ಬರೆದುಕೊಡಿ’ ಎಂದರೆ ಕೈ ನಿಂತುಬಿಡುತ್ತದೆ. ಕಂಡದ್ದು, ಊಹಿಸಿದ್ದು, ಅನ್ನಿಸಿದ್ದು ಮೂರೂ ಒಂದೇ ಪ್ಯಾರಾದಲ್ಲಿ ಕಲಸಿಹೋಗಿರುತ್ತವೆ. ವಸ್ತುನಿಷ್ಠ ವರದಿಗೆ ಶಾಲೆಯ ವ್ಯಾಕರಣ ಪುಸ್ತಕಗಳು ಕೊಡುವ ನಿಯಮಗಳೇನೋ ಇವೆ: ಮೊದಲು ವಿಷಯ ಯಾವ ಜಾತಿಗೆ ಸೇರಿದ್ದು ಎಂದು ಹೇಳಿ, ಆಮೇಲೆ ಅದರ ಗುಣಲಕ್ಷಣ ವಿವರಿಸಿ, ವರ್ತಮಾನ ಕಾಲ ಬಳಸಿ, ‘ನಾನು’ ಬೇಡ, ಪಾರಿಭಾಷಿಕ ಪದ ಇರಲಿ, ಅಭಿಪ್ರಾಯ ಬೇಡ. ಈ ನಿಯಮಗಳು ಎಲ್ಲಿಂದ ಬಂದವು, ಯಾರಿಗೆ ಬೇಕಾಗಿದ್ದವು ಎಂದು ಹುಡುಕುತ್ತಾ ಹೋದವನು ತಲುಪಿದ್ದು ನಮ್ಮ ಬೆಟ್ಟಗಳಿಗೇ.

ಬಾಬಾಬುಡನ್‌ಗಿರಿಯ ಕಾಫಿ ಬೀಜದ ಕತೆ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಬಂದು ದೊಡ್ಡ ಪ್ರಮಾಣದಲ್ಲಿ ಕಾಡು ಕಡಿದು ಕಾಫಿ ಹಾಕಿದರು. 1860ರ ದಶಕದಲ್ಲಿ ಕೊಡಗು, ಮೈಸೂರು, ವಯನಾಡಿನ ತೋಟಗಳಲ್ಲಿ ಗಿಡಗಳು ಒಣಗಿ ಸಾಯತೊಡಗಿದವು. ಕಾಂಡದೊಳಗೆ ಹುಳ. ಈಗ ನಾವು ಬೋರರ್ ಅಂತೀವಿ. ಕಾಂಡಕೊರಕ ಎಂದು ಕೃಷಿ ಇಲಾಖೆಯ ಭಾಷೆ. ಮದ್ರಾಸ್ ಸರ್ಕಾರ ಇದನ್ನು ವಿಚಾರಿಸಲು ತನ್ನ ವೈದ್ಯಕೀಯ ಸೇವೆಯ ಡಾಕ್ಟರ್ ಜಾರ್ಜ್ ಬಿಡಿ ಎಂಬವರನ್ನು ಕಳಿಸಿತು. 1869ರಲ್ಲಿ ಅವರ ವರದಿ ಅಚ್ಚಾಯಿತು: ಕಾಫಿ ತೋಟಗಳಲ್ಲಿ ಬೋರರ್ ಹಾವಳಿಯ ಕುರಿತ ವರದಿ.

ಆ ವರದಿಯ ಉದ್ದನೆಯ ಶೀರ್ಷಿಕೆಯೇ ಒಂದು ಪಾಠ. ಹಾವಳಿಯ ವಿವರ ಒಂದು ಕಡೆ, ದಕ್ಷಿಣ ಭಾರತದಲ್ಲಿ ಕಾಫಿ ಕೃಷಿ ಹೇಗೆ ನಡೆಯುತ್ತದೆ ಎಂಬ ಟಿಪ್ಪಣಿ ಇನ್ನೊಂದು ಕಡೆ, ಕೊಡಗು, ವಯನಾಡು, ಮೈಸೂರಿನ ತೋಟಗಳಿಗೆ ಏನು ಚಿಕಿತ್ಸೆ ಎಂಬ ಸಲಹೆ ಮತ್ತೊಂದು ಕಡೆ. ಡಾಕ್ಟರು ರೋಗಿಯನ್ನು ನೋಡುವ ಕ್ರಮ ಇದು. ಲಕ್ಷಣ, ಹಿನ್ನೆಲೆ, ಔಷಧಿ. ಅವರು ಕಂಡುಕೊಂಡ ಮುಖ್ಯ ಸಂಗತಿ ಇಷ್ಟೇ: ನೆರಳಿಲ್ಲದ, ಬಿಸಿಲಿಗೆ ಒಡ್ಡಿಕೊಂಡ ತೋಟಗಳಲ್ಲಿ ಹುಳದ ಕಾಟ ಹೆಚ್ಚು. ಕಾಡನ್ನು ಪೂರ್ತಿ ಬೋಳಿಸಿ ಕಾಫಿ ಹಾಕಿದವರು ಕೆಟ್ಟರು, ಮರ ಉಳಿಸಿಕೊಂಡವರು ಬದುಕಿದರು. ನೆರಳು ಬೇಕು. ಬೋರರ್‌ನ ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ ಎಂಬುದು ಇವತ್ತಿನ ಕಾಫಿ ವಿಜ್ಞಾನವೂ ಒಪ್ಪುವ ಮಾತು. ನೆರಳು ಸರಿ ಮಾಡುವುದು, ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಹುಳ ಬಿದ್ದ ಗಿಡ ಗುರುತಿಸಿ ಕಿತ್ತು ಸುಡುವುದು ಈಗಲೂ ತೋಟಗಳಲ್ಲಿ ನಡೆಯುತ್ತಿದೆ.

ಬಿಡಿಯವರ ಬರವಣಿಗೆಯ ಬೆಲೆ ತಿಳಿಯಬೇಕಾದರೆ ಅದೇ ಕಾಲದ ಇನ್ನೊಬ್ಬರನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಮೂಡಿಗೆರೆಗೆ ಅಂಟಿಕೊಂಡ ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಚಿನ್ನ, ಬೇಟೆ ಮತ್ತು ಮೈಸೂರಿನ ಕಾಫಿ ಕೃಷಿಯ ಬಗ್ಗೆ ಒಂದು ಪುಸ್ತಕ ಬರೆದ. ಅವನೂ ನೆರಳಿನ ಪರವೇ, ಅದರ ಬಗ್ಗೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಆದರೆ ಅಲ್ಲಿ ಎಲ್ಲೆಲ್ಲೂ ‘ನಾನು’. ನಾನು ಕಂಡ ಹುಲಿ, ನನ್ನ ತೋಟ, ನನ್ನ ಅಭಿಪ್ರಾಯ. ಓದಲು ಎಲಿಯಟ್ಟೇ ಮಜಾ, ಸಂದೇಹವಿಲ್ಲ. ಆದರೆ ಎಲಿಯಟ್ ಹೇಳಿದ್ದನ್ನು ನಂಬಬೇಕಾದರೆ ಎಲಿಯಟ್‌ನನ್ನು ನಂಬಬೇಕು. ಬಿಡಿ ಹೇಳಿದ್ದನ್ನು ನಂಬಲು ಬಿಡಿಯನ್ನು ನಂಬಬೇಕಾಗಿಲ್ಲ, ತೋಟಕ್ಕೆ ಹೋಗಿ ನೋಡಿದರೆ ಸಾಕು. ‘ನಾನು’ ಬೇಡ ಎಂಬ ನಿಯಮಕ್ಕೆ ನಾನು ಕೊಡುವ ಕಾರಣ ಇದೊಂದೇ. ಹೊಸಬರು ಅದನ್ನು ವಿನಯ ಅಂದುಕೊಳ್ಳುತ್ತಾರೆ, ವಿನಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಅದೇ 1869ರಲ್ಲಿ ಸಿಲೋನಿನಿಂದ ಹೋದ ಎಲೆಗಳನ್ನು ನೋಡಿ ಇಂಗ್ಲೆಂಡಿನಲ್ಲಿ ಬರ್ಕ್ಲಿ ಎಂಬ ಪಾದ್ರಿ ಒಂದು ಶಿಲೀಂಧ್ರಕ್ಕೆ ಹೆಸರಿಟ್ಟರು: ಹೆಮಿಲಿಯಾ ವಾಸ್ಟಾಟ್ರಿಕ್ಸ್. ಅರ್ಧ ನಯವಾದದ್ದು, ಹಾಳು ಮಾಡುವಂಥದ್ದು ಎಂದು ಅರ್ಥ. ಇದು ಎಲೆ ತುಕ್ಕು ರೋಗ. 1880ರಿಂದ 1882ರವರೆಗೆ ಸಿಲೋನಿನಲ್ಲಿದ್ದ ಯುವ ವಿಜ್ಞಾನಿ ಮಾರ್ಷಲ್ ವಾರ್ಡ್ ಅದರ ಬಗ್ಗೆ ಮೂರು ವರದಿ ಬರೆದರು. ಅವು ಇವತ್ತಿಗೂ ಮಾದರಿ ವರದಿಗಳು. ಆದರೆ ವರದಿ ಸರಿಯಾಗಿದ್ದ ಮಾತ್ರಕ್ಕೆ ತೋಟ ಉಳಿಯಲಿಲ್ಲ. ಸಿಲೋನ್ ಕಾಫಿ ಬಿಟ್ಟು ಚಹಾಕ್ಕೆ ಹೋಯಿತು.

ಈಗ ಕೊಳೆರೋಗಕ್ಕೆ ಬರೋಣ. ನನಗೆ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಭಾಗ ಇದು.

ಮಲೆನಾಡಿನ ಜಡಿಮಳೆಯಲ್ಲಿ, ಮಂಜು ಕವಿದ ಕಣಿವೆ ತೋಟಗಳಲ್ಲಿ, ಕಾಫಿಯ ಎಲೆ ಕಪ್ಪಾಗಿ ಕೊಳೆಯುತ್ತದೆ. ಕೊಳೆತ ಎಲೆ ಉದುರುವುದಿಲ್ಲ. ಶಿಲೀಂಧ್ರದ ಸಣ್ಣ ದಾರದಲ್ಲಿ ಗಿಡಕ್ಕೇ ನೇತಾಡುತ್ತಿರುತ್ತದೆ. ನೋಡಿದವರಿಗೆ ಮರೆಯುವುದಿಲ್ಲ. ನಮ್ಮ ಜನ ಅದನ್ನು ಕೊಳೆರೋಗ ಎಂದರು. ಪ್ಲಾಂಟರುಗಳೂ ಹಾಗೇ ಕಲಿತು ಹಾಗೇ ಬರೆದರು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ. ಸಿ. ಕುಕ್ ಅದಕ್ಕೆ ಲ್ಯಾಟಿನ್ ಹೆಸರಿಡುವಾಗ ಪೆಲಿಕ್ಯುಲೇರಿಯಾ ಕೊಳೆರೋಗಾ ಎಂದುಬಿಟ್ಟರು. 1958ರಲ್ಲಿ ಡಚ್ ವಿಜ್ಞಾನಿ ಡಾಂಕ್ ಒಂದು ಹೆಜ್ಜೆ ಮುಂದೆ ಹೋಗಿ ಕುಲದ ಹೆಸರನ್ನೇ ಕೊಳೆರೋಗಾ ಮಾಡಿದರು: ಕೊಳೆರೋಗಾ ನಾಕ್ಸಿಯಾ. ಲ್ಯಾಟಿನ್ನಿಗೆ ನಮ್ಮ ‘ಳ’ ಇಲ್ಲ, ಬರೆಯುವುದು ಬೇರೆ ಥರ, ಆದರೆ ಪದ ನಮ್ಮದೇ. ಆಮೇಲೆ ವರ್ಗೀಕರಣ ಬದಲಾಗಿ ಬೇರೆ ಹೆಸರುಗಳೂ ಬಂದಿವೆ. ಆದರೆ ಬ್ರೆಜಿಲ್, ಕೊಲಂಬಿಯಾದಲ್ಲಿ ಕಾಫಿ ರೋಗ ಓದುವವರ ಪುಸ್ತಕದಲ್ಲೂ ಮಲೆನಾಡಿನ ಈ ಮಾತು ಕುಳಿತಿದೆ.

ಇದರಲ್ಲಿ ಕನ್ನಡದ ಹೆಮ್ಮೆ ಇದೆ ನಿಜ, ಆದರೆ ನಾನು ಗಮನಿಸಿದ್ದು ಬೇರೆ. ‘ಕೊಳೆರೋಗ’ ಎಂಬ ಪದವೇ ಒಂದು ಪುಟ್ಟ ವರದಿ. ಏನಾಗುತ್ತದೆ? ಕೊಳೆಯುತ್ತದೆ. ಯಾವ ಜಾತಿಗೆ ಸೇರಿದ್ದು? ರೋಗ. ವರ್ಗವೂ ಇದೆ, ಲಕ್ಷಣವೂ ಇದೆ, ವರ್ತಮಾನ ಕಾಲವೂ ಇದೆ, ‘ನಾನು’ ಇಲ್ಲ. ಇಂಗ್ಲಿಷ್ ವ್ಯಾಕರಣ ಪುಸ್ತಕ ಕೇಳುವುದೆಲ್ಲ ಅದರಲ್ಲಿದೆ. ಶಾಲೆಗೆ ಹೋಗದ ಯಾರೋ ಗಿಡದ ಮುಂದೆ ನಿಂತು ಮಾಡಿದ ಪದ ಅದು. ಕುಕ್ ಸಾಹೇಬರಿಗೆ ಅದಕ್ಕಿಂತ ಒಳ್ಳೆಯದು ಹೊಳೆದಿರಲಿಕ್ಕಿಲ್ಲ.

ಅಡಿಕೆಗೂ ಕೊಳೆರೋಗವೇ ಬರುತ್ತದೆ, ಆದರೆ ಶಿಲೀಂಧ್ರ ಬೇರೆ. ಕನ್ನಡದಲ್ಲಿ ಒಂದೇ ಹೆಸರು, ಸೂಕ್ಷ್ಮದರ್ಶಕದಲ್ಲಿ ಎರಡು ಬೇರೆ ಜೀವಿ. ಇದನ್ನು ಬಿಡಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದ ಒಂಟಾರಿಯೊದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ಇದ್ದರು. ಬಂದ ಎರಡು ವರ್ಷದಲ್ಲಿ, 1910ರಲ್ಲಿ, ಅಡಿಕೆಯ ಕೊಳೆರೋಗದ ಮೇಲೆ ಇಲಾಖೆಯ ಬುಲೆಟಿನ್ ಪ್ರಕಟಿಸಿದರು. ಶೀರ್ಷಿಕೆಯಲ್ಲೇ ಕೊಳೆರೋಗ ಎಂಬ ಪದ ಇದೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಮಳೆಯಲ್ಲಿ ತೊಳೆದುಹೋಗದಂತೆ ರಾಳದ ಅಂಟು ಸೇರಿಸಿ ಗೊನೆಗೆ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದ್ದು ಅವರ ಕಾಲದಲ್ಲಿ. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದೇ ದಾರಿ. ಈಗಲೂ ಜೂನ್ ಬಂತೆಂದರೆ ಅಡಿಕೆಯವರ ಮಾತೆಲ್ಲ ‘ಮದ್ದು ಹೊಡೆದಾಯ್ತಾ’ ಎಂಬುದೇ. ಒಂದು ಇಂಗ್ಲಿಷ್ ಬುಲೆಟಿನ್ ಓದದೆಯೇ ಊರಿಗೆ ಊರೇ ಅದರ ಸಾರವನ್ನು ಕೈಯಲ್ಲಿ ಕಲಿತಿದೆ.

ಕಾಫಿಗೆ ಮೊದಲು 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ, ಆಮೇಲೆ 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಲ್ಲಿಂದ 1940ರ ದಶಕದಲ್ಲಿ ಬಂದ ಅರೇಬಿಕಾ ತಳಿಗೆ ಯಾರ ಹೆಸರೂ ಇಲ್ಲ, ಬರೀ ನಂಬರು: ಸೆಲೆಕ್ಷನ್ 795. ತೋಟದವರು ‘ಸೆವೆನ್ ನೈಂಟಿಫೈವ್’ ಎಂದು ಮನೆ ಮಗುವನ್ನು ಕರೆದ ಹಾಗೆ ಕರೆಯುತ್ತಾರೆ. ವರದಿಯ ಕ್ರಮಸಂಖ್ಯೆ ಪ್ರೀತಿಯ ಹೆಸರಾದದ್ದು ಬೇರೆ ಎಲ್ಲಾದರೂ ಉಂಟಾ ಗೊತ್ತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ವರದಿಯ ಒಳ್ಳೆಯ ಮುಖ. ಇನ್ನೊಂದು ಮುಖ ಕರ್ಮಣಿ ಪ್ರಯೋಗದ್ದು. ‘ಕಾಡು ಕಡಿಯಲಾಯಿತು, ಗುಂಡಿ ತೆಗೆಯಲಾಯಿತು, ಗಿಡ ನೆಡಲಾಯಿತು.’ ಯಾರು? ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ಆಮೇಲೆ ತಮಿಳುನಾಡಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಜನ. ವರದಿಯಲ್ಲಿ ಅವರು ‘ಲೇಬರ್’. ಚೆಕ್‌ರೋಲಿನಲ್ಲಿ ಕನಿಷ್ಠ ಹೆಸರಾದರೂ ಇರುತ್ತದೆ, ಮುಂದೆ ಅರ್ಧ ದಿನವೋ ಪೂರ್ತಿ ದಿನವೋ ಎಂಬ ಗುರುತು ಇರುತ್ತದೆ. ಆ ಲೆಕ್ಕದಲ್ಲಿ ಎಸ್ಟೇಟ್ ರೈಟರ್ ಬರೆದ ಚೆಕ್‌ರೋಲ್ ಸಾಹೇಬ ಬರೆದ ವಾರ್ಷಿಕ ವರದಿಗಿಂತ ಪ್ರಾಮಾಣಿಕ ದಾಖಲೆ. ಇತಿಹಾಸ ಓದುವವರು ಕಾಫಿ ಬೆಟ್ಟಗಳ ಹಳೆಯ ಚೆಕ್‌ರೋಲುಗಳನ್ನು ಗೆದ್ದಲಿಗೆ ಬಿಟ್ಟದ್ದು ದೊಡ್ಡ ನಷ್ಟ ಎಂದೇ ನನ್ನ ಎಣಿಕೆ.

ಕನ್ನಡದ ಹಳೆಯ ದಾಖಲೆಗಳಿಗೆ ಈ ಚಾಳಿ ಇರಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ 1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳ ಸಂಪುಟ ತಂದರು. ಚಿಕ್ಕಮಗಳೂರು ಜಿಲ್ಲೆಗೆ ಆಗ ಆ ಹೆಸರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯ ಶಾಸನಗಳು, ಅಂದರೆ ಹೊಯ್ಸಳರ ಹುಟ್ಟೂರು ಸೊಸೆವೂರಿನವು, ಅದರಲ್ಲಿವೆ. ಕಲ್ಲಿನ ಬರಹದ ಕ್ರಮ ನೋಡಿ: ಯಾವ ವರ್ಷ, ಯಾವ ತಿಥಿ, ಯಾರು, ಯಾರಿಗೆ, ಯಾವ ಭೂಮಿ, ನಾಲ್ಕೂ ದಿಕ್ಕಿಗೆ ಗಡಿ ಯಾವುದು. ಹಾಳು ಮಾಡಿದವನಿಗೆ ಶಾಪ ಮಾತ್ರ ವರದಿಗೆ ಸೇರದ ಭಾಗ. ಉಳಿದದ್ದೆಲ್ಲ ಅಪ್ಪಟ ವಸ್ತುನಿಷ್ಠ, ಆದರೂ ಕರ್ತೃ ಕಾಣೆಯಾಗುವುದಿಲ್ಲ. ‘ಕ್ರಮ ಕೈಗೊಳ್ಳಲಾಗಿದೆ’, ‘ಗಮನಕ್ಕೆ ತರಲಾಗಿದೆ’ ಎಂಬ ನಮ್ಮ ಕಚೇರಿ ಕನ್ನಡ ಇಂಗ್ಲಿಷ್ ವರದಿಯ ನೆರಳಿನಲ್ಲಿ ಬೆಳೆದದ್ದು. ಈ ನೆರಳು ಬೋರರ್‌ನಿಂದ ಕಾಪಾಡುವ ಥರದ್ದಲ್ಲ.

ಕರ್ತೃ ಯಾರು, ಓದುವವರು ಯಾರು ಎಂಬ ಪ್ರಶ್ನೆ ಕಳಸದಲ್ಲಿ ಜೀವನದ ಪ್ರಶ್ನೆಯಾಯಿತು. ಕುದುರೆಮುಖದ ಕಬ್ಬಿಣದ ಅದಿರನ್ನು 1913ರಲ್ಲಿ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಅದು ಕಾಗದದ ಮೇಲೆ ಅರವತ್ತು ವರ್ಷಕ್ಕೂ ಹೆಚ್ಚು ಮಲಗಿತ್ತು. 1976ರಲ್ಲಿ ಇರಾನಿನ ಹಣದ ಭರವಸೆಯ ಮೇಲೆ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಅದಿರು ಕೊಳ್ಳುವವರೇ ಇಲ್ಲವಾದರು, ಆದರೂ ಗಣಿ ನಡೆಯಿತು. ಕುದುರೆಮುಖದ ಕಡೆಯಿಂದ ಇಳಿದು ಬರುವ ಭದ್ರೆಯ ದಂಡೆಯಲ್ಲೇ ಕಳಸ ಇದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿದರೆ ಜನರಿಗೆ ಕಣ್ಣಿಗೆ ಕಾಣುತ್ತಿತ್ತು. ಆದರೆ ‘ಹೊಳೆ ಕೆಂಪಾಗಿದೆ’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎಷ್ಟು ಮಳೆಗೆ ಎಷ್ಟು ಹೂಳು, ಗಣಿಯ ಮೇಲಿನ ಹೊಳೆಯಲ್ಲಿ ಎಷ್ಟು, ಕೆಳಗೆ ಎಷ್ಟು ಎಂದು ಅಳೆಯಬೇಕು. ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಗಾರರು ಭದ್ರೆಯ ಹೂಳಿನ ಬಗ್ಗೆ ಅಂಥದ್ದೇ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತ್ತು. ಪರ, ವಿರೋಧ ಎರಡೂ ಕಡೆಯ ಕಾಗದಗಳು ಇಂಗ್ಲಿಷಿನಲ್ಲಿ. ಹೊಳೆ ಮಾತ್ರ ಕಳಸದಲ್ಲಿ.

ಆಮೇಲೆ ಗಾಡ್ಗೀಳ್, ಕಸ್ತೂರಿರಂಗನ್. ಮಾಧವ ಗಾಡ್ಗೀಳರ ಸಮಿತಿ 2011ರ ಆಗಸ್ಟ್‌ನಲ್ಲಿ ಪಶ್ಚಿಮಘಟ್ಟದ ವರದಿ ಕೊಟ್ಟಿತು. ಕೇಂದ್ರದ ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ, ಮಾಹಿತಿ ಹಕ್ಕಿನ ಹೋರಾಟ ಆಗಿ 2012ರ ಮೇನಲ್ಲಿ ಬಂತು. ಗ್ರಾಮಸಭೆಗಳು ಚರ್ಚಿಸಿ ತೀರ್ಮಾನಿಸಬೇಕು ಎಂದು ಹೇಳುವ ವರದಿ ಗ್ರಾಮಕ್ಕೆ ಅರ್ಥವಾಗದ ಭಾಷೆಯಲ್ಲಿತ್ತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ, ಘಟ್ಟದ ಶೇ. 37ರಷ್ಟನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಿ ಎಂದಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಗಣಿ, ಕಲ್ಲುಕ್ವಾರಿ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಬೇಡ ಎನ್ನುವುದು ಅದರ ತಿರುಳು. ತೋಟ ಬಿಟ್ಟು ಹೋಗಿ ಎಂದು ಅದು ಹೇಳಿಲ್ಲ. ಆದರೆ ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಹರಡಿದ ಸುದ್ದಿ ‘ಎಲ್ಲರನ್ನೂ ಒಕ್ಕಲೆಬ್ಬಿಸ್ತಾರಂತೆ’ ಎಂಬುದೇ. ಓದಲಾಗದ ವರದಿಯ ಜಾಗದಲ್ಲಿ ‘ಅಂತೆ’ ಬಂದು ಕೂರುತ್ತದೆ. ಓದಿದವರಿಗೂ ಒಂದು ನಿಜವಾದ ತಕರಾರು ಇತ್ತು: ಮೇಲಿನಿಂದ ನೋಡಿದರೆ ನೆರಳಿನ ಕಾಫಿ ತೋಟವೂ ಕಾಡಿನ ಹಾಗೇ ಹಸಿರು. 1869ರ ವರದಿಯ ಮಾತು ಕೇಳಿ ಮರ ಉಳಿಸಿಕೊಂಡವರ ತೋಟ 2013ರ ವರದಿಗೆ ಕಾಡಾಗಿ ಕಾಣಿಸಿತು ಎಂಬುದು ಬೆಳೆಗಾರರ ವಾದ. ಪೂರ್ತಿ ಸರಿಯೋ ಅಲ್ಲವೋ, ತಳ್ಳಿಹಾಕುವ ವಾದವಂತೂ ಅಲ್ಲ.

ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬಂದು, ಆರನೆಯದು 2024ರ ಜುಲೈ 31ಕ್ಕೆ ಬಂತು. ಆಕ್ಷೇಪಣೆಗೆ 60 ದಿನ. ಕಳಸದ ಹತ್ತಿರ ನಾಲ್ಕು ಎಕರೆ ತೋಟ ಇರುವ ನನ್ನ ಚಿಕ್ಕಪ್ಪ ಫೋನ್ ಮಾಡಿದರು.

“ಏನ್ ಮಾರಾಯ, ಆ ಪಟ್ಟಿಯಲ್ಲಿ ನಮ್ಮೂರು ಉಂಟಾ ನೋಡು. ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಯಾವುದು ಯಾವ ಊರು ಅಂತಲೇ ಗೊತ್ತಾಗಲ್ಲ.”

ಇತ್ತು. ಒಂದು ಕಾಗದ ಬರೆದು ಕಳಿಸೋಣ ಎಂದಾಯಿತು. ಅವರು ಹೇಳಿ ಬರೆಸಿದ ಮೊದಲ ಕರಡಿನಲ್ಲಿ ಅಜ್ಜನ ಕಾಲದಿಂದ ಪಟ್ಟ ಕಷ್ಟ, ಸರ್ಕಾರದ ಅನ್ಯಾಯ, ದೇವರು ನೋಡಿಕೊಳ್ಳುತ್ತಾನೆ ಎಂಬುದೆಲ್ಲ ಇತ್ತು. ಎಲ್ಲವೂ ನಿಜವೇ. ಆದರೆ ದಿಲ್ಲಿಯಲ್ಲಿ ಓದುವವನಿಗೆ ಅದರಿಂದ ತೋಟ ಕಾಣುವುದಿಲ್ಲ.

“ಚಿಕ್ಕಪ್ಪ, ಮರ ಎಷ್ಟಿವೆ?”

“ಮರ ಎಣಿಸ್ತಾರೇನೋ ಯಾರಾದ್ರೂ?”

ಎಣಿಸಿದೆವು. ಎರಡು ದಿನ ಹಿಡಿಯಿತು, ಜಿಗಣೆಗಳಿಗೆ ಹಬ್ಬ. ಒಟ್ಟು 214 ಮರ: ಸಿಲ್ವರ್ ಓಕ್, ಹಾಲವಾಣ, ಹಲಸು, ಅತ್ತಿ, ನಂದಿ, ಹೊನ್ನೆ ಬೇರೆ ಬೇರೆಯಾಗಿ. ಯಾವುದಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಯಾವುದು ಕಾಡಿನ ಕಾಲದ್ದು, ಯಾವುದು ನೆಟ್ಟದ್ದು ಎಂದು ಕಾಲಮ್ ಮಾಡಿದೆ. ಜೊತೆಗೆ ಮಳೆ ಪುಸ್ತಕದ ನಾಲ್ಕು ವರ್ಷದ ಪುಟ, ಇಂಚಿನ ಪಕ್ಕ ಮಿಲಿಮೀಟರಿನಲ್ಲೂ. ನಾನು ಬರೆದದ್ದನ್ನು ಚಿಕ್ಕಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ‘ಇದರಲ್ಲಿ 131 ಮರಗಳನ್ನು 1968ರಿಂದ 1985ರ ನಡುವೆ ನೆಡಲಾಗಿದೆ’ ಎಂಬಲ್ಲಿಗೆ ಬಂದಾಗ ತಡೆದರು.

“ನೆಡಲಾಗಿದೆ ಅಂದ್ರೆ? ತಾವೇ ನೆಟ್ಟುಕೊಂಡವಾ? ಅಪ್ಪಯ್ಯ ನೆಟ್ಟದ್ದು ಅಂತ ಬರಿ. ಜೊತೆಗಿದ್ದ ಎರಡಾಳಿನ ಹೆಸರೂ ಬರಿ, ಹಳೇ ಚೆಕ್‌ರೋಲಲ್ಲಿ ಉಂಟು.”

ಮೂರೂ ಹೆಸರು ಹಾಕಿದೆ. ಕರ್ತರಿ ಪ್ರಯೋಗದಲ್ಲಿ. ಸೆಪ್ಟೆಂಬರ್ ಮೂರನೇ ವಾರ ಕಳಸದ ಪೋಸ್ಟಾಫೀಸಿನಿಂದ ಸ್ಪೀಡ್ ಪೋಸ್ಟ್ ಮಾಡಿದೆವು. ಅದೇ ತಿಂಗಳ ಕೊನೆಗೆ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಒಪ್ಪುವುದಿಲ್ಲ ಎಂದು ತೀರ್ಮಾನಿಸಿತು. ನಮ್ಮ ಕಾಗದಕ್ಕೆ ಉತ್ತರ ಬಂದಿಲ್ಲ. ಮರದ ಪಟ್ಟಿಯ ಇನ್ನೊಂದು ಪ್ರತಿಯನ್ನು ಚಿಕ್ಕಪ್ಪ ಮಳೆ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ. ಕಳೆದ ಗಾಳಿಗೆ ಎರಡು ಸಿಲ್ವರ್ ಓಕ್ ಬಿದ್ದಾಗ 214 ಹೊಡೆದುಹಾಕಿ 212 ಮಾಡಿ, ಪಕ್ಕದಲ್ಲಿ ತಾರೀಕು ಹಾಕಿದ್ದರು.